ಬಿಡದೇ ಉಳಿದ ಗಂಡುಸೊಳ್ಳೆಗಳು: ದೆಹಲಿ–ಸೋನಿಪತ್ ಪ್ರಯೋಗದ ಪ್ರಕರಣ ಅಧ್ಯಯನ

ದೆಹಲಿಯಿಂದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿರುವ ಹರಿಯಾಣದ ಸೋನಿಪತ್ ಪಟ್ಟಣದಲ್ಲಿ 1975ರ ಆರಂಭಕ್ಕೆ ಒಂದು ಪ್ರಯೋಗ ನಡೆಯಬೇಕಿತ್ತು. ಪ್ರಯೋಗಾಲಯದಲ್ಲಿ ಸಾಕಿ ಸಂತಾನಶಕ್ತಿ ಕಳೆದ ಗಂಡು ಈಡಿಸ್ (ಡೆಂಗಿ ಹರಡುವ ಜಾತಿ) ಸೊಳ್ಳೆಗಳನ್ನು ಊರೊಳಗೆ ಬಿಟ್ಟು, ಅಲ್ಲಿನ ಈಡಿಸ್ ಸಂತತಿಯನ್ನು ಕುಗ್ಗಿಸಬಹುದೇ ಎಂದು ನೋಡುವುದು ಅದರ ಉದ್ದೇಶ. ಅದಕ್ಕಾಗಿ ವರ್ಷಗಟ್ಟಲೆ ಸಿದ್ಧತೆ ನಡೆದಿತ್ತು. ಆದರೆ ಸೊಳ್ಳೆ ಬಿಡುವ ಮೊದಲೇ ಯೋಜನೆಗೆ ತಡೆ ಬಿತ್ತು, ಆ ವರ್ಷದ ನಡುವಿಗೆ ಅದನ್ನು ನಡೆಸುತ್ತಿದ್ದ ಘಟಕವೇ ಮುಚ್ಚಿತು.

ರೋಗವಾಹಕ ಕೀಟಗಳ ನಿಯಂತ್ರಣದ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಪಾಠ ಹೇಳುವಾಗ ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತೇನೆ. ತಾಂತ್ರಿಕವಾಗಿ ಸರಿಯಾದ ಒಂದು ತೀರ್ಮಾನವೇ ಜನರ ವಿಶ್ವಾಸದ ದೃಷ್ಟಿಯಿಂದ ಅತ್ಯಂತ ದುಬಾರಿಯಾದ ತೀರ್ಮಾನವಾಗಬಲ್ಲದು ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ. ಸಂಸತ್ತಿನ ದಾಖಲೆಗೆ ಸೇರಿರುವ ಸಂಸ್ಥೆಗಳನ್ನು ಹೆಸರಿಸಿದ್ದೇನೆ. ವಿಜ್ಞಾನಿಗಳು, ಅಧಿಕಾರಿಗಳು, ವರದಿಗಾರರು, ಪ್ರಯೋಗ ನಡೆದ ಹಳ್ಳಿಗಳು, ಇವರಾರ ಹೆಸರೂ ಇಲ್ಲಿಲ್ಲ. ಅವರಲ್ಲಿ ಯಾರನ್ನೂ ದೋಷಿಯೆಂದು ನಿಲ್ಲಿಸುವುದು ನನ್ನ ಉದ್ದೇಶವಲ್ಲ.

ಹಿನ್ನೆಲೆ

ಘಟಕದ ಹೆಸರು ಸೊಳ್ಳೆಗಳ ಆನುವಂಶಿಕ ನಿಯಂತ್ರಣ ಸಂಶೋಧನಾ ಘಟಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಸೇರಿ 1969ರಲ್ಲಿ ಅದನ್ನು ದೆಹಲಿಯಲ್ಲಿ ಆರಂಭಿಸಿದವು. ಹಣ ಬಂದದ್ದು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಿಂದ, ಪಿಎಲ್-480 ಖಾತೆಯ ರೂಪಾಯಿಗಳಲ್ಲಿ. ಅಮೆರಿಕ ನಮಗೆ ಗೋಧಿ ಕೊಟ್ಟು ಅದರ ಬೆಲೆಯನ್ನು ರೂಪಾಯಿಯಲ್ಲಿ ಪಡೆದು ಇಲ್ಲಿಯೇ ಇಟ್ಟುಕೊಂಡಿದ್ದ ಹಣ ಅದು. ಆ ಕಾಲದಲ್ಲಿ ಎಷ್ಟೋ ಸಂಶೋಧನೆಗಳು ಅದೇ ಹಣದಲ್ಲಿ ನಡೆಯುತ್ತಿದ್ದವಾದ್ದರಿಂದ ಇದರಲ್ಲಿ ಯಾರಿಗೂ ವಿಶೇಷವೇನೂ ಕಂಡಿರಲಿಲ್ಲ.

ಹೊಸ ದಾರಿ ಹುಡುಕಬೇಕಾದ ಕಾರಣಗಳು ಬಲವಾಗಿದ್ದವು. ಡಿಡಿಟಿ ಕೀಟನಾಶಕಕ್ಕೆ ಸೊಳ್ಳೆಗಳು ಒಗ್ಗಿಕೊಳ್ಳುತ್ತಿದ್ದವು. 1965ರ ಹೊತ್ತಿಗೆ ವರ್ಷಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು ಮತ್ತೆ ಏರತೊಡಗಿ 1976ರಲ್ಲಿ 64 ಲಕ್ಷವನ್ನು ದಾಟಿದವು. ಇತ್ತ ಬೆಳೆಯುತ್ತಿದ್ದ ಪಟ್ಟಣಗಳ ಕೊಳಚೆ ನೀರಿನಲ್ಲಿ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಹುಲುಸಾಗಿ ಬೆಳೆಯುತ್ತಿತ್ತು. ಔಷಧಿ ಹೊಡೆಯುವುದೊಂದನ್ನೇ ನೆಚ್ಚಿಕೊಂಡು ಕೂರುವ ಸ್ಥಿತಿ ಆಗಲೇ ದಾಟಿಹೋಗಿತ್ತು.

ಆಸೆ ಹುಟ್ಟಿಸುವ ಉದಾಹರಣೆಗಳೂ ಇದ್ದವು. 1954ರಲ್ಲಿ ಕೆರಿಬಿಯನ್ನಿನ ಕ್ಯುರಸಾವ್ ದ್ವೀಪದಲ್ಲಿ, ಜಾನುವಾರುಗಳ ಗಾಯದಲ್ಲಿ ಮೊಟ್ಟೆಯಿಟ್ಟು ಹುಳವಾಗುವ ನೊಣವನ್ನು, ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ಬಿಟ್ಟೇ ಇಲ್ಲವಾಗಿಸಿದ್ದರು. 1967ರಲ್ಲಿ ಬರ್ಮಾದ ರಂಗೂನ್ ಬಳಿಯ ಓಕ್ಪೋ ಎಂಬ ಹಳ್ಳಿಯಲ್ಲಿ ಜರ್ಮನಿಯ ವಿಜ್ಞಾನಿಯೊಬ್ಬರು ಬೇರೆ ಪ್ರದೇಶದ ತಳಿಯ ಗಂಡು ಕ್ಯೂಲೆಕ್ಸ್ ಸೊಳ್ಳೆಗಳನ್ನು ಬಿಟ್ಟು, ಕೆಲವೇ ತಿಂಗಳಲ್ಲಿ ಅಲ್ಲಿನ ಸಂತತಿಯನ್ನು ಅಳಿಸಿದ್ದರು. ಆ ಗಂಡುಗಳು ಬಂಜೆಯಾಗಿರಲಿಲ್ಲ. ಊರಿನ ಹೆಣ್ಣುಗಳೊಂದಿಗೆ ಕೂಡಿದಾಗ ಮಾತ್ರ ಮೊಟ್ಟೆ ಒಡೆಯುತ್ತಿರಲಿಲ್ಲ. ಈ ಹೊಂದಾಣಿಕೆಯಿಲ್ಲದಿರುವಿಕೆಗೆ ಸೊಳ್ಳೆಯ ಜೀವಕೋಶದೊಳಗೆ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ತಿಳಿದದ್ದು 1971ರಲ್ಲಿ.

ಮೊದಲ ಹಂತ: ಹಳ್ಳಿಗಳಲ್ಲಿ ಕ್ಯೂಲೆಕ್ಸ್

ಹೆಣ್ಣುಸೊಳ್ಳೆ ಸಾಮಾನ್ಯವಾಗಿ ಒಮ್ಮೆ ಕೂಡಿ ಆ ವೀರ್ಯವನ್ನು ಒಡಲಲ್ಲಿ ಕೂಡಿಟ್ಟುಕೊಂಡು ಬದುಕಿನುದ್ದಕ್ಕೂ ಅದರಿಂದಲೇ ಮೊಟ್ಟೆ ಫಲವತ್ತು ಮಾಡಿಕೊಳ್ಳುತ್ತದೆ. ಆ ಒಂದೇ ಕೂಡುವಿಕೆ ಬಂಜೆ ಗಂಡಿನೊಂದಿಗೆ ಆದರೆ ಅದರ ವಂಶ ಅಲ್ಲಿಗೇ ನಿಲ್ಲುತ್ತದೆ. ಘಟಕದ ಇಡೀ ಕೆಲಸ ನಿಂತಿದ್ದು ಈ ಸರಳ ಸಂಗತಿಯ ಮೇಲೆ. ಗಂಡುಸೊಳ್ಳೆ ಕಚ್ಚುವುದಿಲ್ಲ, ಹೂವಿನ ಮಕರಂದದಂಥ ಸಿಹಿರಸವೇ ಅದರ ಆಹಾರ. ಹಾಗಾಗಿ ಗಂಡುಗಳನ್ನಷ್ಟೇ ಬಿಟ್ಟರೆ ಜನರಿಗೆ ತೊಂದರೆಯಿಲ್ಲ.

ಗಂಡು ಯಾವುದು, ಹೆಣ್ಣು ಯಾವುದು ಎಂದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೇರ್ಪಡಿಸುವುದು ಮೊದಲ ಸವಾಲು. ಸೊಳ್ಳೆ ಕೋಶಾವಸ್ಥೆಯಲ್ಲಿರುವಾಗ (ಮರಿ ರೆಕ್ಕೆಯ ಸೊಳ್ಳೆಯಾಗುವ ಮುಂಚಿನ ಹಂತ) ಗಂಡುಕೋಶ ಹೆಣ್ಣುಕೋಶಕ್ಕಿಂತ ಚಿಕ್ಕದಾಗಿರುತ್ತದೆ. ಮರಿಗಳಿಗೆಲ್ಲ ಒಂದೇ ಅಳತೆಯ ಆಹಾರ, ಒಂದೇ ಉಷ್ಣತೆ, ಒಂದೇ ದಟ್ಟಣೆ ಕೊಟ್ಟು ಬೆಳೆಸಿದರೆ ಮಾತ್ರ ಈ ಅಂತರ ನಂಬಬಹುದಾದಷ್ಟು ಸ್ಪಷ್ಟವಾಗುತ್ತದೆ. ಒಂದು ತಟ್ಟೆಯಲ್ಲಿ ಮರಿಗಳು ಕಿಕ್ಕಿರಿದರೆ ಹೊಟ್ಟೆಗೆ ಸಾಲದ ಹೆಣ್ಣೂ ಗಂಡಿನ ಗಾತ್ರಕ್ಕೆ ಇಳಿಯುತ್ತದೆ, ಗಾತ್ರದಿಂದ ಬೇರ್ಪಡಿಸುವ ಜರಡಿ ಮೋಸಹೋಗುತ್ತದೆ. ಆದ್ದರಿಂದ ಎಷ್ಟು ಎಚ್ಚರ ವಹಿಸಿದರೂ ಒಂದಿಷ್ಟು ಹೆಣ್ಣುಗಳು ಗಂಡುಗಳ ಜೊತೆ ನುಸುಳಿಬಿಡುತ್ತವೆ. ಬೇರ್ಪಡಿಸಿದ ಕೋಶಗಳನ್ನು ಥಿಯೋಟೆಪಾ ಎಂಬ ರಾಸಾಯನಿಕದ ದ್ರಾವಣದಲ್ಲಿ ನಿಗದಿತ ಹೊತ್ತು ಇಟ್ಟು, ತೊಳೆದು, ಹೊರಬಂದ ಗಂಡುಗಳನ್ನು ದೆಹಲಿಯ ಸುತ್ತಲಿನ ಹಳ್ಳಿಗಳಲ್ಲಿ ಬಿಡುತ್ತಿದ್ದರು. ಥಿಯೋಟೆಪಾ ಕ್ಯಾನ್ಸರ್ ಚಿಕಿತ್ಸೆಗೂ ಬಳಸುವ ಔಷಧಿ. ಇದರ ಜೊತೆಗೆ ಓಕ್ಪೋ ಮಾದರಿಯ ಹೊಂದಾಣಿಕೆಯಿಲ್ಲದ ತಳಿಗಳನ್ನೂ, ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಭಾಗಶಃ ಬಂಜೆತನ ಮರಿಮೊಮ್ಮಕ್ಕಳವರೆಗೂ ಹರಿಯುವ ತಳಿಗಳನ್ನೂ ಘಟಕ ಬೆಳೆಸಿತು.

ಫಲಿತಾಂಶ ಅಳೆಯುವ ಬಗೆಯನ್ನು ನಾನು ತರಬೇತಿಗೆ ಬಂದವರಿಗೆ ಯಾವಾಗಲೂ ಕೈಯಾರೆ ಮಾಡಿಸುತ್ತೇನೆ. ಕ್ಯೂಲೆಕ್ಸ್ ಹೆಣ್ಣು ಇಟ್ಟ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಪುಟ್ಟ ತೆಪ್ಪದಂತೆ ನೀರ ಮೇಲೆ ತೇಲುತ್ತವೆ. ನೋಡಲು ಅಕ್ಕಿಕಾಳಿನ ಗಾತ್ರದ ಮಸಿಯ ಚೂರಿನಂತಿರುತ್ತದೆ. ಬೆಳಿಗ್ಗೆ ಬೇಗ ಎದ್ದು ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತೆಪ್ಪ ಒಡೆಯದಂತೆ ಚಮಚದಲ್ಲಿ ಎತ್ತಿ, ಒಂದೊಂದನ್ನೂ ಬೇರೆ ಬೇರೆ ಬಟ್ಟಲಿನ ನೀರಿಗೆ ಬಿಟ್ಟು ಒಂದೆರಡು ದಿನ ಕಾಯಬೇಕು. ಮರಿಗಳು ಹೊರಬಂದರೆ ತಾಯಿ ಊರಿನ ಗಂಡನ್ನೇ ಕೂಡಿತ್ತು ಎಂದು ಅರ್ಥ. ತೆಪ್ಪ ಹಾಗೆಯೇ ತೇಲುತ್ತಿದ್ದರೆ ನಾವು ಬಿಟ್ಟ ಗಂಡು ಅದಕ್ಕೆ ದಕ್ಕಿತ್ತು ಎಂದು ಅರ್ಥ. ಎಷ್ಟು ದೊಡ್ಡ ಯೋಜನೆಯಾದರೂ ಅದರ ಲೆಕ್ಕ ಕೊನೆಗೆ ಈ ಬಟ್ಟಲುಗಳ ಸಾಲಿನಲ್ಲೇ ಸಿಗುತ್ತದೆ.

ದೆಹಲಿಯ ಹಳ್ಳಿಗಳಲ್ಲಿ ಒಡೆಯದ ತೆಪ್ಪಗಳ ಪಾಲು ನಿಜಕ್ಕೂ ಏರಿತು. ಅಂದರೆ ಪ್ರಯೋಗಾಲಯದ ಗಂಡುಗಳು ಹೊರಗಿನ ಲೋಕದಲ್ಲೂ ಹೆಣ್ಣುಗಳನ್ನು ಹುಡುಕಿ ಕೂಡಬಲ್ಲವಾಗಿದ್ದವು. ಅಷ್ಟಾದರೂ ಹಳ್ಳಿಯ ಸೊಳ್ಳೆಗಳ ಸಂಖ್ಯೆ ನಿರೀಕ್ಷಿಸಿದಂತೆ ಕುಸಿಯಲಿಲ್ಲ. ಅದಕ್ಕೆ ಮುಖ್ಯ ಕಾರಣ, ಸುತ್ತಲಿನ ಊರುಗಳಲ್ಲಿ ಆಗಲೇ ಕೂಡಿದ್ದ ಹೆಣ್ಣುಗಳು ಗಾಳಿಯಲ್ಲಿ ತೇಲಿಬಂದು ಈ ಹಳ್ಳಿಯ ನೀರಿನಲ್ಲಿ ಮೊಟ್ಟೆಯಿಡುತ್ತಿದ್ದದ್ದು. ಕೂಡಿ ಬಂದ ಹೆಣ್ಣಿನ ಮುಂದೆ ಎಷ್ಟು ಬಂಜೆ ಗಂಡುಗಳಿದ್ದರೂ ಪ್ರಯೋಜನವಿಲ್ಲ. ಹಳ್ಳಿಯ ಸುತ್ತ ಮರಿಗಳನ್ನು ಕೊಲ್ಲುವ ತಡೆಪಟ್ಟಿ ನಿರ್ಮಿಸಿದರೂ ವಲಸೆ ಪೂರ್ತಿ ನಿಲ್ಲಲಿಲ್ಲ. ಮೊಟ್ಟೆಗಳು ಕಡಿಮೆಯಾದಾಗ ಉಳಿದ ಮರಿಗಳಿಗೆ ಜಾಗ, ಆಹಾರ ಹೆಚ್ಚು ಸಿಕ್ಕಿ ಅವುಗಳಲ್ಲಿ ಬದುಕುವವು ಹೆಚ್ಚಾಗುತ್ತವೆ ಎಂಬ ಇನ್ನೊಂದು ಕಷ್ಟವೂ ಎದುರಾಯಿತು. ಸುಮಾರು ಅದೇ ವರ್ಷಗಳಲ್ಲಿ ಎಲ್ ಸಾಲ್ವಡಾರಿನ ಒಂದು ಪ್ರತ್ಯೇಕ ಸರೋವರದ ಸುತ್ತ ಐದು ತಿಂಗಳಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಬಂಜೆ ಅನಾಫಿಲಿಸ್ (ಮಲೇರಿಯಾ ಹರಡುವ ಸೊಳ್ಳೆ) ಬಿಟ್ಟು ಗೆದ್ದವರು, ಮುಂದೆ ಬಯಲು ಕರಾವಳಿಗೆ ಹೋದಾಗ ಇದೇ ವಲಸೆಯ ತೊಡಕಿನಲ್ಲಿ ಸಿಕ್ಕಿಕೊಂಡರು. ಓಕ್ಪೋ ಗೆದ್ದದ್ದು ಅದು ಒಂಟಿ ಹಳ್ಳಿಯಾಗಿತ್ತು ಎಂಬ ಕಾರಣಕ್ಕೂ ಹೌದು. ಒಂದಕ್ಕೊಂದು ಅಂಟಿಕೊಂಡಿರುವ ದೆಹಲಿ ಸುತ್ತಲಿನ ಹಳ್ಳಿಗಳಲ್ಲಿ ಆ ಅನುಕೂಲ ಇರಲಿಲ್ಲ.

ಮೊದಲ ತಿರುವು: ಈಡಿಸ್ ಆಯ್ಕೆ

ಈ ಪಾಠ ಕಲಿತ ಮೇಲೆ ಘಟಕ ಸೋನಿಪತ್ ಮತ್ತು ಈಡಿಸ್ ಈಜಿಪ್ಟೈ ಕಡೆ ತಿರುಗಿದ್ದು ತಾಂತ್ರಿಕವಾಗಿ ನನಗೆ ಪೂರ್ತಿ ಅರ್ಥವಾಗುತ್ತದೆ. ಈಡಿಸ್ ಹೆಚ್ಚು ದೂರ ಹಾರುವುದಿಲ್ಲ, ಹುಟ್ಟಿದ ಮನೆಯ ಅಕ್ಕಪಕ್ಕದಲ್ಲೇ ಬದುಕು ಮುಗಿಸುತ್ತದೆ. ಮನೆಗಳಲ್ಲಿ ತುಂಬಿಟ್ಟ ನೀರಿನಲ್ಲಿ ಮೊಟ್ಟೆಯಿಡುವ ಈ ಸೊಳ್ಳೆಗೆ ಸುತ್ತಲಿನ ಗದ್ದೆ ಹೊಲಗಳೇ ಬೇಲಿಯಂತೆ. ಹಾಗಾಗಿ ಹೊಲಗಳ ನಡುವಿನ ಒಂದು ಪಟ್ಟಣ ಅದರ ಪಾಲಿಗೆ ದ್ವೀಪವಿದ್ದಂತೆ. ಹಳ್ಳಿಗಳಲ್ಲಿ ಸೋಲು ತಂದ ವಲಸೆಯನ್ನು ಇಲ್ಲಿ ದಾಟಬಹುದಿತ್ತು. ಈಡಿಸ್ ಹೊತ್ತು ತರುವ ಡೆಂಗಿ, ಚಿಕೂನ್‌ಗುನ್ಯಾಗಳೂ ಕಟ್ಟುಕತೆಯಾಗಿರಲಿಲ್ಲ. 1963ರಲ್ಲಿ ಕಲ್ಕತ್ತಾ, 1964ರಲ್ಲಿ ಮದ್ರಾಸು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿ ಅವುಗಳ ರುಚಿ ಕಂಡಿದ್ದವು.

ಆದರೆ ಇದೇ ಆಯ್ಕೆಯನ್ನು ಸೋನಿಪತ್ತಿನ ಓದುಬಲ್ಲ ನಾಗರಿಕನ ಕಣ್ಣಿನಿಂದ ನೋಡಬೇಕು. ಅವನ ಸುತ್ತಮುತ್ತ ಜನ ಮಲಗುತ್ತಿದ್ದದ್ದು ಮಲೇರಿಯಾದಿಂದ. ಮಲೇರಿಯಾ ಏರುತ್ತಿರುವಾಗ ಅದನ್ನು ಹರಡುವ ಅನಾಫಿಲಿಸನ್ನು ಬಿಟ್ಟು, ತನ್ನೂರಿನಲ್ಲಿ ಆಗ ಯಾರಿಗೂ ದೊಡ್ಡ ಕಾಟವೆನಿಸದ ಸೊಳ್ಳೆಯನ್ನು ವಿದೇಶಿ ಹಣದಲ್ಲಿ ಏಕೆ ಹಿಡಿದುಕೊಂಡರು ಎಂದು ಅವನು ಕೇಳುವುದು ಸಹಜ. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಜಗತ್ತು ಈಡಿಸ್ ಈಜಿಪ್ಟೈಯನ್ನು ಹಳದಿ ಜ್ವರದ ಸೊಳ್ಳೆಯೆಂದೇ ಕರೆಯುತ್ತಿತ್ತು. ಹಳದಿ ಜ್ವರದ ವೈರಸ್ ಏಷ್ಯಾದಲ್ಲಿ ಇಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಮನೆಮನೆಯಲ್ಲಿದೆ. ಅಂಥ ದೇಶದಲ್ಲಿ ಆ ಸೊಳ್ಳೆ ಎಷ್ಟು ದೂರ ಹಾರುತ್ತದೆ, ಎಷ್ಟು ದಿನ ಬದುಕುತ್ತದೆ, ಎಷ್ಟು ಸಂಖ್ಯೆಯಲ್ಲಿದೆ ಎಂದು ಅಮೆರಿಕದ ಹಣ ಪಡೆದ ಘಟಕ ಅಳೆಯುತ್ತಿತ್ತು. ಬಂಜೆ ಗಂಡುಗಳ ಪ್ರಯೋಗಕ್ಕೆ ಈ ಅಳತೆಗಳು ಅತ್ಯಗತ್ಯ, ಅವಿಲ್ಲದೆ ಎಷ್ಟು ಗಂಡು ಬಿಡಬೇಕೆಂಬ ಲೆಕ್ಕವೇ ಸಿಗದು. ಜೈವಿಕ ದಾಳಿಯ ಯೋಚನೆಯಲ್ಲಿರುವವರಿಗೂ ಅವೇ ಅಳತೆಗಳು ಬೇಕು. ಒಂದೇ ಅಂಕಿಅಂಶ ಎರಡು ಉದ್ದೇಶಗಳಿಗೆ ಒದಗುವಾಗ ತನ್ನ ಉದ್ದೇಶ ಯಾವುದೆಂದು ಮೊದಲೇ ಬಾಯಿಬಿಟ್ಟು ಹೇಳುವ ಹೊಣೆ ಅಳೆಯುವವನದು.

ಎರಡನೆಯ ತಿರುವು: ಸುದ್ದಿ ಮತ್ತು ಮೌನ

1974ರ ನಡುವೆ ಸುದ್ದಿಸಂಸ್ಥೆಯೊಂದರ ವರದಿಗಾರರು ಈ ಪ್ರಶ್ನೆಗಳನ್ನು ಬರಹಕ್ಕಿಳಿಸಿದರು. ವರದಿ ಹಲವು ಪತ್ರಿಕೆಗಳಲ್ಲಿ ಬಂತು, ಬೇಗನೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮೇಜಿಗೂ ಬಂತು. ಅಂದಿನ ವಾತಾವರಣ ಮರೆಯಬಾರದು. 1971ರ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಬಂಗಾಳ ಕೊಲ್ಲಿಯತ್ತ ಬಂದದ್ದು ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು. ಅಮೆರಿಕ ತನ್ನ ಜೈವಿಕ ಅಸ್ತ್ರಗಳನ್ನು ಕೈಬಿಡುವುದಾಗಿ ಸಾರಿದ್ದು 1969ರ ಕೊನೆಯಲ್ಲಿ, ಅಂದರೆ ಅಲ್ಲಿಯವರೆಗೂ ಅವು ಇದ್ದವು ಎಂಬುದು ಅದೇ ಮಾತಿನಿಂದ ಜಗತ್ತಿಗೆ ಖಚಿತವಾಗಿತ್ತು. 1955ರಲ್ಲಿ ಅಮೆರಿಕದ ಸೇನೆ ತನ್ನದೇ ಜಾರ್ಜಿಯಾ ರಾಜ್ಯದಲ್ಲಿ ಸೋಂಕಿಲ್ಲದ ಈಡಿಸ್ ಸೊಳ್ಳೆಗಳನ್ನು ಬಿಟ್ಟು ಅವು ಹೇಗೆ ಹರಡುತ್ತವೆಂದು ಪರೀಕ್ಷಿಸಿದ್ದೂ ಮುಂದೆ ದಾಖಲೆಗಳಿಂದ ಹೊರಬಿತ್ತು. ಸಂಶಯಪಟ್ಟವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವವರಿಗೆ ನಾನು ಈ ಸಂಗತಿಯನ್ನು ನೆನಪಿಸುತ್ತೇನೆ.

ಈ ಸಂಶಯದ ಒಂದು ಎಳೆ ನಮ್ಮ ಮಲೆನಾಡಿಗೂ ಬಂದು ಸೇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿ, ಅದರ ಬೆನ್ನಿಗೇ ಜನ ಜ್ವರದಿಂದ ಮಲಗಿದಾಗ ಸಿಕ್ಕ ವೈರಸ್, ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ವೈರಸ್‌ಗಳಿಗೆ ಹತ್ತಿರದ ಸಂಬಂಧಿಯಾಗಿತ್ತು. ವಲಸೆ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆಯಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಆರಂಭವಾಯಿತು. ಮುಂದೆ ಅದಕ್ಕೆ ಅಮೆರಿಕದ ಸೇನೆಯ ಹಣವೂ ಬಂದು ಸೇರಿತು. ಸಮಿತಿ ಸೊಳ್ಳೆ ಘಟಕವನ್ನೂ ಈ ಹಕ್ಕಿಗಳ ಅಧ್ಯಯನವನ್ನೂ ಒಟ್ಟಿಗೆ ಕೈಗೆತ್ತಿಕೊಂಡಿತು. ಹಕ್ಕಿ, ಉಣ್ಣೆ, ಸೊಳ್ಳೆ, ವೈರಸ್, ಸೇನೆ, ಡಾಲರು ಎಂಬ ಮಾತುಗಳನ್ನು ಒಂದೇ ವರದಿಯಲ್ಲಿ ಅಕ್ಕಪಕ್ಕ ಓದಿದವರಿಗೆ ಅವುಗಳ ನಡುವೆ ಗೆರೆ ಎಳೆಯದಿರುವುದು ಕಷ್ಟವಾಗಿತ್ತು.

ಆರೋಪಗಳಲ್ಲಿ ಬಹಳಷ್ಟಕ್ಕೆ ಉತ್ತರವಿತ್ತು. ಬಂಜೆ ಗಂಡುಗಳು ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಒಂದು ಊರಿನ ಈಡಿಸ್ ಸಂತತಿಯನ್ನು ಕುಗ್ಗಿಸಿದರೆ ಹಳದಿ ಜ್ವರ ಅಲ್ಲಿ ಹರಡುವುದು ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ. ಥಿಯೋಟೆಪಾ ಸೋಕಿದ ಕೋಶಗಳಿಂದ ಹಳ್ಳಿಯ ನೀರು ಕೆಡುತ್ತದೆಂಬ ಭಯಕ್ಕೆ ತೊಳೆದ ಮೇಲೆ ಕೋಶದಲ್ಲಿ ಉಳಿಯುವ ಅಂಶ ಎಷ್ಟು ಎಂಬ ಅಳತೆಯಿಂದಲೇ ಉತ್ತರಿಸಬಹುದಿತ್ತು. ಆದರೆ ಈ ಉತ್ತರಗಳು ಪ್ರಶ್ನೆ ಹುಟ್ಟಿದ ಜಾಗಕ್ಕೆ, ಹುಟ್ಟಿದ ಹೊತ್ತಿಗೆ, ಆ ಜನರ ಭಾಷೆಯಲ್ಲಿ ತಲುಪಲಿಲ್ಲ. ದೆಹಲಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕೇಂದ್ರವಿರುವ ಜಿನೀವಾ ಎರಡೂ ಕಡೆ ನಡೆದುಕೊಂಡ ರೀತಿಯನ್ನು ‘ನೇಚರ್’ ವಿಜ್ಞಾನ ಪತ್ರಿಕೆ 1975ರಲ್ಲಿ ಸಂಪಾದಕೀಯ ಬರೆದು ಆಕ್ಷೇಪಿಸಿತು. ಘಟಕದಲ್ಲಿ ದುಡಿದಿದ್ದ ವಿಜ್ಞಾನಿಯೊಬ್ಬರು ಮತ್ತೊಬ್ಬರೊಂದಿಗೆ ಸೇರಿ ಆರೋಪಗಳನ್ನು ಅಲ್ಲಗಳೆದು ಅದೇ ಪತ್ರಿಕೆಯಲ್ಲಿ ಬರೆದದ್ದು 1978ರಲ್ಲಿ, ಘಟಕ ಮುಚ್ಚಿ ಮೂರು ವರ್ಷವಾದ ಮೇಲೆ. ಅದನ್ನು ಸೋನಿಪತ್ತಿನಲ್ಲಿ ಎಷ್ಟು ಜನ ಓದಿರಬಹುದು?

ಮೌನದ ಬೆಲೆ ಏನೆಂದು ನಾನು ನೋಡಿ ಕಲಿತದ್ದು ಗಪ್ಪಿ ಮೀನಿನಿಂದ. ಸೊಳ್ಳೆಮರಿ ತಿನ್ನುವ ಮೀನುಗಳನ್ನು ತೊಟ್ಟಿ, ಬಾವಿಗಳಿಗೆ ಬಿಡುವುದು ಜೈವಿಕ ನಿಯಂತ್ರಣದ ಅತ್ಯಂತ ಸರಳ ರೂಪ, ಅದರಲ್ಲಿ ಮನೆಯವರಿಗೆ ಅಪಾಯದ ಮಾತೇ ಇಲ್ಲವೆನ್ನಬಹುದು. ಆದರೂ ಒಮ್ಮೆ ಒಂದು ಮನೆಯಲ್ಲಿ ಆಶಾ ಕಾರ್ಯಕರ್ತೆ ಪ್ಲಾಸ್ಟಿಕ್ ಚೀಲದಿಂದ ಮೀನುಗಳನ್ನು ಸಂಪಿಗೆ ಬಿಡಲು ಬಗ್ಗಿದಾಗ ಆ ಮನೆಯ ಅಜ್ಜಿ ಆಕೆಯ ಕೈ ಹಿಡಿದರು. “ನಾವು ಬಳಸೋ ನೀರಿಗೆ ಇದನ್ನ ಬಿಡು ಅಂದೋರು ಯಾರಮ್ಮ?” ಆಕೆ ಇಲಾಖೆಯ ಹೆಸರನ್ನಾಗಲಿ ಸುತ್ತೋಲೆಯನ್ನಾಗಲಿ ಎತ್ತಲಿಲ್ಲ. “ಅಜ್ಜಿ, ನಮ್ಮನೆ ತೊಟ್ಟೀಲೂ ಇದೇ ಮೀನಿದೆ. ಬನ್ನಿ, ತೋರಿಸ್ತೀನಿ,” ಎಂದಳು. ಅಜ್ಜಿ ನಿಜಕ್ಕೂ ಅವಳ ಜೊತೆ ಹೋಗಿ ನೋಡಿ ಬಂದರು, ಮೀನು ಸಂಪಿಗೆ ಇಳಿದದ್ದು ಆಮೇಲೆ. ಹತ್ತು ಮೀನುಗಳಿಗೇ ಇಷ್ಟು ಮಾತು ಬೇಕಾದರೆ, ಲಕ್ಷಗಟ್ಟಲೆ ಸೊಳ್ಳೆಗಳನ್ನು ಬಿಡುವ ಊರಿನಲ್ಲಿ ಎಷ್ಟು ಮಾತು ಬೇಕಿತ್ತು ಎಂಬ ಅಂದಾಜು ಇದರಿಂದ ಸಿಗುತ್ತದೆ.

ನಡೆದದ್ದು

ಸೋನಿಪತ್ತಿನ ಬಿಡುಗಡೆ ರದ್ದಾಯಿತು. ವಿದೇಶಿ ಸಹಭಾಗಿತ್ವದ ಸಂಶೋಧನೆಗಳ ಕುರಿತ ಸಮಿತಿಯ 167ನೇ ವರದಿ 1975ರಲ್ಲಿ ಸಂಸತ್ತಿನ ಮುಂದೆ ಬಂತು. ಈ ಯೋಜನೆಯಿಂದ ನಮ್ಮ ದೇಶಕ್ಕಿಂತ ಹೊರಗಿನವರಿಗೇ ಹೆಚ್ಚು ಪ್ರಯೋಜನ ಎಂಬುದು ಅದರ ಧಾಟಿ. ಘಟಕ ಆ ವರ್ಷವೇ ಮುಚ್ಚಿತು.

ಸಮಿತಿಯ ತೀರ್ಮಾನವನ್ನು ನಾನು ಎರಡು ಭಾಗವಾಗಿ ನೋಡುತ್ತೇನೆ. ಜೈವಿಕ ಯುದ್ಧದ ಸಂಚು ಎಂಬ ಸಂಶಯಕ್ಕೆ ಆಧಾರ ಸಿಕ್ಕಿಲ್ಲ, ಅಲ್ಲಿ ದುಡಿದ ಭಾರತೀಯ ಮತ್ತು ವಿದೇಶಿ ವಿಜ್ಞಾನಿಗಳಿಗೆ ಅದು ಅನ್ಯಾಯ. ಆದರೆ ಸಮಿತಿ ಕೇಳಿದ ಮೂಲ ಪ್ರಶ್ನೆಗಳು ಇಂದಿಗೂ ಕೇಳಬೇಕಾದವೇ. ಅಂಕಿಅಂಶ ಯಾರ ಒಡೆತನದಲ್ಲಿರುತ್ತದೆ, ಯಾವ ರೋಗವನ್ನು ಮೊದಲು ಹಿಡಿಯಬೇಕೆಂದು ತೀರ್ಮಾನಿಸುವವರು ಯಾರು, ಹಣ ಕೊಡುವವರ ಆಸಕ್ತಿ ಮತ್ತು ಊರಿನವರ ಅಗತ್ಯ ಬೇರೆಯಾದಾಗ ಯಾವುದು ನಿಲ್ಲಬೇಕು? ಚುನಾಯಿತ ಪ್ರತಿನಿಧಿಗಳು ಇದನ್ನು ಕೇಳಿದ್ದು ತಪ್ಪಲ್ಲ. ಅವರು ಕೇಳುವವರೆಗೂ ಯಾರೂ ಉತ್ತರಿಸದೆ ಕೂತದ್ದು ತಪ್ಪು.

ತಡೆದ ಕೆಲಸದ ನಷ್ಟ ಎಷ್ಟೆಂದು ಯಾರೂ ನಿಖರವಾಗಿ ಹೇಳಲಾರರು. ಸೋನಿಪತ್ತಿನ ಪ್ರಯೋಗ ಗೆಲ್ಲುತ್ತಿತ್ತೋ ಸೋಲುತ್ತಿತ್ತೋ, ಸೋತಿದ್ದರೂ ಈಡಿಸ್ ಬಗ್ಗೆ ನಮ್ಮದೇ ಊರುಗಳ ತಿಳಿವಳಿಕೆ ಕೈಯಲ್ಲಿ ಉಳಿಯುತ್ತಿತ್ತು. ಅದೇ 1975ರಲ್ಲಿ ವೈದ್ಯಕೀಯ ಸಂಶೋಧನಾ ಪರಿಷತ್ತು ಪುದುಚೇರಿಯಲ್ಲಿ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ಆರಂಭಿಸಿತು. ಇತ್ತ 1975ರಲ್ಲಿ ಕಾಟವೆನಿಸದಿದ್ದ ಸೊಳ್ಳೆ ಮಾತ್ರ ಕಾಯುತ್ತ ಕೂರಲಿಲ್ಲ. 1996ರಲ್ಲಿ ದೆಹಲಿಯಲ್ಲಿ ಡೆಂಗಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿ ನಾಲ್ಕು ನೂರಕ್ಕೂ ಹೆಚ್ಚು ಜನರ ಜೀವ ತೆಗೆಯಿತು. 2006ರ ಚಿಕೂನ್‌ಗುನ್ಯಾ ಅಲೆಯಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಹೊಲಕ್ಕೆ ಹೋಗಬೇಕಾದವರು ಕೀಲುನೋವಿನಿಂದ ಗೋಡೆ ಹಿಡಿದು ನಡೆಯುತ್ತಿದ್ದ ಆ ದಿನಗಳು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಇನ್ನೂ ಮರೆತಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಕೃತವಾಗಿ ಘೋಷಿಸಿತು.

ಬೇರೆ ರೀತಿ ನಡೆಸಬಹುದಿತ್ತೇ

ಇದಕ್ಕೆ ಉತ್ತರ ಇಂಡೊನೇಷ್ಯಾದ ಯೋಗ್ಯಕರ್ತ ನಗರದಲ್ಲಿದೆ. ಓಕ್ಪೋದಲ್ಲಿ ಪಾತ್ರ ಗೊತ್ತಿಲ್ಲದೆ ಬಳಸಿದ ಅದೇ ವೊಲ್ಬಾಕಿಯಾವನ್ನು ಇಲ್ಲಿ ಬೇರೆ ಬಗೆಯಲ್ಲಿ ದುಡಿಸಿಕೊಂಡರು. ಹಣ್ಣಿನ ನೊಣದಿಂದ ತೆಗೆದ ವೊಲ್ಬಾಕಿಯಾವನ್ನು ಆಸ್ಟ್ರೇಲಿಯಾದಲ್ಲಿ ಈಡಿಸ್ ಮೊಟ್ಟೆಗಳಿಗೆ ಸೂಜಿಯಿಂದ ಚುಚ್ಚಿ ಹೊಸ ತಳಿ ಬೆಳೆಸಿದ್ದರು. ಈ ಬ್ಯಾಕ್ಟೀರಿಯಾ ಇರುವ ಈಡಿಸ್‌ನ ಒಡಲಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯದು. ಸೊಳ್ಳೆಗಳನ್ನು ಇಲ್ಲವಾಗಿಸುವ ಬದಲು ಊರಿನ ಸೊಳ್ಳೆಗಳೆಲ್ಲ ನಿಧಾನವಾಗಿ ಈ ತಳಿಯವಾಗುವಂತೆ ಮಾಡುವುದು ಉಪಾಯ.

2014ರಲ್ಲಿ ನಗರದ ಹೊರವಲಯದ ಕೆಲವು ಬಡಾವಣೆಗಳಲ್ಲಿ ಸಣ್ಣದಾಗಿ ಆರಂಭಿಸಿದರು. ಮುಂದಕ್ಕೆ ಪ್ರೌಢ ಸೊಳ್ಳೆಗಳ ಬದಲು ಮೊಟ್ಟೆಗಳನ್ನೇ ಬಳಸಿದರು: ಮೊಟ್ಟೆ ಅಂಟಿದ ಪಟ್ಟಿ, ಸ್ವಲ್ಪ ನೀರು, ಮರಿಗಳಿಗೆ ಆಹಾರ ಇರುವ ಪುಟ್ಟ ಪ್ಲಾಸ್ಟಿಕ್ ಬಕೆಟ್ಟೊಂದು ಒಪ್ಪಿದ ಮನೆಯ ಅಂಗಳದಲ್ಲಿ ಕೂರುತ್ತಿ‌ತ್ತು. ಬಕೆಟ್ಟು ನಿಮ್ಮ ಅಂಗಳದಲ್ಲಿದ್ದಾಗ ಪ್ರಯೋಗ ಗುಟ್ಟಾಗಿರಲು ಸಾಧ್ಯವಿಲ್ಲ, ಮುಚ್ಚಳ ತೆಗೆದು ಯಾರಾದರೂ ನೋಡಬಹುದು. 2017ರಲ್ಲಿ ನಗರವನ್ನು 24 ಭಾಗ ಮಾಡಿ, ಲಾಟರಿಯ ಮೂಲಕ 12 ಭಾಗಗಳಲ್ಲಿ ಮಾತ್ರ ಬಿಟ್ಟು, ಜ್ವರವೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದವರಲ್ಲಿ ಡೆಂಗಿ ಎಷ್ಟು ಜನರಿಗಿದೆ ಎಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ಇಟ್ಟರು. ಸೊಳ್ಳೆ ಬಿಟ್ಟ ಭಾಗಗಳಲ್ಲಿ 2,905 ಜನರ ಪೈಕಿ 67 ಮಂದಿಗೆ, ಬಿಡದ ಭಾಗಗಳಲ್ಲಿ 3,401 ಜನರ ಪೈಕಿ 318 ಮಂದಿಗೆ ಡೆಂಗಿ ಇತ್ತು. ಒಟ್ಟಾರೆ ರಕ್ಷಣೆ ಶೇ. 77 ಎಂದು 2021ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ದಾಖಲಾಗಬೇಕಾದ ಡೆಂಗಿಯಲ್ಲಿ ಇಳಿಕೆ ಶೇ. 86. ಪರೀಕ್ಷೆ ಮುಗಿದ ಮೇಲೆ ಬಿಡದ ಭಾಗಗಳಿಗೂ ಅದೇ ಸೊಳ್ಳೆಗಳನ್ನು ಕೊಟ್ಟರು.

ಒಂದೂರಿನ ಒಪ್ಪಿಗೆ ಇನ್ನೊಂದೂರಿಗೆ ತಾನಾಗಿ ಬರುವುದಿಲ್ಲ ಎಂಬುದಕ್ಕೂ ಅದೇ ದೇಶ ಸಾಕ್ಷಿ. 2023ರ ನವೆಂಬರಿನಲ್ಲಿ ಬಾಲಿಯಲ್ಲಿ ಬಿಡಬೇಕಿದ್ದ ವೊಲ್ಬಾಕಿಯಾ ಸೊಳ್ಳೆಗಳನ್ನು ಜನರ ವಿರೋಧದಿಂದ ಮುಂದೂಡಬೇಕಾಯಿತು. ಯೋಗ್ಯಕರ್ತದ ಅಂಕಿಗಳೆಲ್ಲ ಅಷ್ಟರಲ್ಲಿ ಪ್ರಕಟವಾಗಿದ್ದವು, ಆದರೂ ಬಾಲಿಯ ಮನೆಬಾಗಿಲಲ್ಲಿ ಅವು ಸಾಲಲಿಲ್ಲ.

ಸೋನಿಪತ್ತಿನ ಜೊತೆ ಹೋಲಿಸಿದಾಗ ನನಗೆ ಮುಖ್ಯವಾಗಿ ಕಾಣುವುದು ಕೆಲಸಗಳ ಕ್ರಮ. ದೆಹಲಿಯ ಘಟಕ ಮೊದಲು ತಳಿ ಬೆಳೆಸಿತು, ಆಮೇಲೆ ಊರು ಆರಿಸಿತು, ಊರಿನವರಿಗೆ ವಿವರಿಸುವ ಹೊತ್ತಿಗೆ ವಿವರಣೆ ಬೇರೆಯವರ ಕೈಸೇರಿತ್ತು. ಯೋಗ್ಯಕರ್ತದಲ್ಲಿ ಸ್ಥಳೀಯ ವಿಶ್ವವಿದ್ಯಾಲಯದವರೇ ಮುಂದೆ ನಿಂತಿದ್ದರು, ಊರಿನ ಮುಖ್ಯ ಕಾಯಿಲೆಯೇ ಯೋಜನೆಯ ಗುರಿಯಾಗಿತ್ತು, ಹಣವೂ ಬಹುಮಟ್ಟಿಗೆ ಅದೇ ದೇಶದ ದತ್ತಿಸಂಸ್ಥೆಯೊಂದರದು. ಜೀವವಿಜ್ಞಾನದ ಕಡೆಯಿಂದ ಎರಡೂ ತಂಡಗಳು ಗಟ್ಟಿಯಾಗಿದ್ದವು ಎಂದೇ ನನ್ನ ತಿಳಿವಳಿಕೆ.

ಈಗ ನಮ್ಮ ಮುಂದಿರುವ ಬಾಗಿಲು

2022ರಲ್ಲಿ ಪುದುಚೇರಿಯ ಆ ಕೇಂದ್ರ ವೊಲ್ಬಾಕಿಯಾ ಇರುವ ಎರಡು ಈಡಿಸ್ ತಳಿಗಳನ್ನು ಬೆಳೆಸಿರುವುದಾಗಿ ತಿಳಿಸಿತು. ಬೆಂಗಳೂರಿನಲ್ಲೂ ಸೊಳ್ಳೆಗಳ ಆನುವಂಶಿಕತೆಯ ಮೇಲೆ ಕೆಲಸ ಮಾಡುವ ಸಂಶೋಧಕರಿದ್ದಾರೆ. ಮುಂದೊಂದು ದಿನ ಇಂಥ ಸೊಳ್ಳೆಗಳ ಬಿಡುಗಡೆಯ ಪ್ರಶ್ನೆ ನಮ್ಮದೇ ಯಾವುದೋ ವಾರ್ಡಿಗೆ ಬರುತ್ತದೆ ಎಂದುಕೊಂಡೇ ನಾನು ಈ ಪಾಠ ಹೇಳುತ್ತೇನೆ.

ಆಗ ಒಂದು ಸಂಗತಿ 1975ಕ್ಕಿಂತ ಕಷ್ಟವಾಗಿರುತ್ತದೆ. ಸೋನಿಪತ್ತಿನಲ್ಲಿ ಬಿಡಬೇಕಿದ್ದವು ಗಂಡುಗಳು, “ಇವು ಕಚ್ಚುವುದಿಲ್ಲ” ಎಂಬ ಒಂದೇ ಮಾತಿನಲ್ಲಿ ಅರ್ಧ ಭಯ ಹೋಗಬಹುದಿತ್ತು, ಆ ಮಾತನ್ನೂ ಸಕಾಲಕ್ಕೆ ಯಾರೂ ಆಡಲಿಲ್ಲ. ವೊಲ್ಬಾಕಿಯಾ ಊರಿನ ಸಂತತಿಯಲ್ಲಿ ನೆಲೆಗೊಳ್ಳಬೇಕಾದರೆ ಹೆಣ್ಣುಗಳನ್ನೂ ಬಿಡಲೇಬೇಕು, ಏಕೆಂದರೆ ಅದು ತಾಯಿಯಿಂದಲೇ ಮೊಟ್ಟೆಗೆ ಇಳಿಯುತ್ತದೆ. ಆ ಹೆಣ್ಣುಗಳು ಕಚ್ಚುತ್ತವೆ. ಮೊದಲ ಕೆಲವು ತಿಂಗಳು ಬಡಾವಣೆಯಲ್ಲಿ ಸೊಳ್ಳೆಗಳು ಹೆಚ್ಚಾದಂತೆಯೂ ಕಾಣುತ್ತವೆ, ಬಿಟ್ಟವರು ನಾವೇ ಆಗಿರುತ್ತೇವೆ. ನನ್ನ ತರಗತಿಯಲ್ಲಿ ಕಡೆಯ ಅಭ್ಯಾಸವಾಗಿ ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡುತ್ತೇನೆ: ಸಂಜೆ ಮಗುವಿನ ಕೈಮೇಲಿನ ಕೆಂಪು ದದ್ದುಗಳನ್ನು ತೋರಿಸುತ್ತ ಬಾಗಿಲಲ್ಲಿ ನಿಂತ ತಾಯಿಗೆ, ಈ ಸೊಳ್ಳೆ ಯಾಕೆ ಬಿಟ್ಟಿರಿ, ಯಾರ ಹಣದಿಂದ ಬಿಟ್ಟಿರಿ, ಬೇಡವೆಂದರೆ ನಿಲ್ಲಿಸುತ್ತೀರಾ ಎಂಬ ಮೂರು ಪ್ರಶ್ನೆಗಳಿಗೆ ಅವಳ ಮಾತಿನಲ್ಲೇ ಉತ್ತರ ಬರೆದು ತರಬೇಕು. ಮೂರನೆಯದಕ್ಕೆ ಉತ್ತರ ಬರೆಯುವಾಗ ಬಹಳ ಜನ ಪೆನ್ನು ಕೆಳಗಿಟ್ಟು ಯೋಚಿಸುತ್ತಾರೆ.